ನೀಲಿ ಬಾಯಿಯ ಕುದುರೆ

ಮಾರ್ಚ್ ೩, ಸೋಮವಾರ

ಮಹಾಜನರೇ, ಮುಂದೆ ನೆಲದ ಮೇಲೆ ಕೂತವರೇ, ಹಿಂದೆ ಬೆಂಚಿನ ಮೇಲೆ ಕಾಲು ಮಡಚಿ ಕೂತವರೇ, ಟಿಕೆಟ್ಟಿಲ್ಲದೆ ಪಕ್ಕದ ಪರದೆ ಸರಿಸಿ ಇಣುಕುತ್ತಿರುವ ಮಹನೀಯರೇ, ಎಲೆ ಅಲುಗಿದಷ್ಟೂ ಸದ್ದು ಮಾಡದೆ ಕೇಳಿ. ದಿನಚರಿಯ ಪರದೆ ಏಳುತ್ತಿದೆ.

ಸಭೆ ಎಲ್ಲಿದೆ ಅಂದರೆ ಎಲ್ಲೂ ಇಲ್ಲ. ಗೆರೆ ಹಾಕಿದ ಈ ಹಾಳೆಗಳೇ ಸಭೆ. ಪುಸ್ತಕ ತಂದುಕೊಟ್ಟವಳು ನನ್ನ ಹೆಂಡತಿ. "ರೀ, ಸಂಜೆ ಬಂದು ನನ್ನ ತಲೆ ಮೇಲೆ ಸುರಿಯೋದನ್ನೆಲ್ಲ ಇದರ ಮೇಲೆ ಸುರೀರಿ. ಇದಕ್ಕೆ ಕಿವಿನೋವು ಬರಲ್ಲ," ಅಂದಳು. ನನ್ನಪ್ಪನ ನಾಟಕ ಕಂಪನಿಯಲ್ಲಿ ಅವಳು ಪ್ರಾಂಪ್ಟರ್ ಆಗಿದ್ದವಳು. ಪರದೆಯ ಸಂದಿಯಲ್ಲಿ ನಿಂತು, ನಟ ಮರೆತ ಮಾತನ್ನು ಪಿಸುಗುಟ್ಟಿ ಎತ್ತಿಕೊಡುವ ಕೆಲಸ. ನಾನು ಮರೆಯುತ್ತಿದ್ದೆ, ಅವಳು ಎತ್ತಿಕೊಡುತ್ತಿದ್ದಳು. ಹಾಗೇ ಮದುವೆಯೂ ಆಯಿತು. ಕಂಪನಿ ಮುಚ್ಚಿ ಪರದೆಗಳನ್ನು ಇಲಿ ತಿಂದ ಮೇಲೆ ನಾನು ಈ ದೊಡ್ಡ ಲಾಂಡ್ರಿಗೆ ಸೇರಿದೆ. ಊರಿನ ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಯೆಲ್ಲ ಇಲ್ಲೇ ಒಗೆದು, ಒಣಗಿ, ಮಡಿಸಿಕೊಂಡು ಹೋಗಬೇಕು. ವ್ಯಾನುಗಳು ಬಂದು ನಿಲ್ಲುವ ಕಟ್ಟೆಯ ಮೇಲೆ ನಿಂತು, ಯಾವ ಬಂಡಿಗೆ ಯಾವ ಮೂಟೆ ಅಂತ ಕೂಗುವವನು ನಾನು. ಧ್ವನಿವರ್ಧಕ ಬೇಡ. ಅದಕ್ಕೇ ಇಲ್ಲಿ ನನ್ನ ಹೆಸರು ಮೈಕು.

ಇವತ್ತು ಮ್ಯಾನೇಜರು ಕರೆದರು. ನಾನು ಬೈಗುಳಕ್ಕೆ ಸಿದ್ಧನಾಗಿ ಹೋದೆ.

"ಮೈಕು, ಕೂತ್ಕೊಳ್ಳಿ," ಅಂದರು.

ಕುರ್ಚಿಯ ತುದಿಯಲ್ಲಿ ಕೂತೆ. ಈ ಕೋಣೆಯಲ್ಲಿ ನನಗೆ ಕೂರಲು ಯಾರೂ ಹೇಳಿದ್ದಿಲ್ಲ.

ವಿಷಯ ಇಷ್ಟು. ಕಂಪನಿಯ ಪ್ರತಿ ಶಾಖೆಯ ಕೆಲಸಗಾರರೂ ವರ್ಷಕ್ಕೊಮ್ಮೆ ಒಂದು ಒಳ್ಳೆ ಕೆಲಸಕ್ಕೆ ಹಣ ಕೂಡಿಸಬೇಕು. ಮನಸ್ಸಿದ್ದವರು ತಿಂಗಳಿಗೆ ಒಂದು ಗಂಟೆಯ ಸಂಬಳ ಬಿಟ್ಟುಕೊಟ್ಟರೆ ಸಾಕು. ಈ ಸಲದ ಕೆಲಸ, ದೊಡ್ಡಾಸ್ಪತ್ರೆಯ ಎದುರಿಗೆ ಒಂದು ತಂಗುಮನೆ: ಮಕ್ಕಳ ವಾರ್ಡಿನಲ್ಲಿ ಇರುವವರ ಅಪ್ಪ ಅಮ್ಮಂದಿರು ಮಲಗಲು ಹಾಸಿಗೆ, ಸ್ನಾನಕ್ಕೆ ಬಿಸಿನೀರು. ಹೋದ ವರ್ಷ ನಮ್ಮ ಶಾಖೆಯಲ್ಲಿ ಕೊಟ್ಟವರು ನಾಲ್ಕೇ ಜನ. ಅದರಲ್ಲಿ ಒಬ್ಬರು ಮ್ಯಾನೇಜರು, ಇನ್ನೊಬ್ಬರು ರಜೆಯ ಕಾಗದ ಅಂದುಕೊಂಡು ಸಹಿ ಹಾಕಿದವರು.

"ನೀವು ಮಾಡಿಸಿಕೊಡಿ. ನಿಮ್ಮ ಗಂಟಲು ಇದೆಯಲ್ಲ," ಅಂದರು.

ಇಪ್ಪತ್ತು ವರ್ಷದಿಂದ ಈ ಗಂಟಲಿಗೆ ಬೆಡ್‌ಶೀಟು, ದಿಂಬಿನ ಚೀಲ ಬಿಟ್ಟು ಬೇರೆ ಸಂಭಾಷಣೆ ಸಿಕ್ಕಿರಲಿಲ್ಲ. ನನಗೆ ಆದದ್ದು ಸಂತೋಷ ಅಲ್ಲ, ಆಘಾತ. ಹೆಂಡತಿ ಕೇಳಿ, "ಪಾತ್ರ ಸಿಕ್ತು ಅನ್ನಿ," ಅಂದಳು.

ಮಾರ್ಚ್ ೫, ಬುಧವಾರ

ಸಭಿಕರೇ, ರಂಗಸಜ್ಜಿಕೆ ಗಮನಿಸಿ.

ಊಟದ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಒಂದು ಹಗ್ಗ. ಕೊಡುವೆ ಅಂದವರು ಕರವಸ್ತ್ರದಗಲದ ಒಂದು ಬಿಳಿ ಬಟ್ಟೆಯನ್ನು ಕ್ಲಿಪ್ಪು ಹಾಕಿ ಹಗ್ಗಕ್ಕೆ ನೇತುಹಾಕಬೇಕು. ಹಗ್ಗ ತುಂಬಿದರೆ ಗೆದ್ದೆವು. ಈ ಉಪಾಯ ನನ್ನದೇ. ಮೊದಲ ಬಟ್ಟೆ ನಾನೇ ಹಾಕಿದೆ. ಎರಡನೆಯದು ಮ್ಯಾನೇಜರದು. ಮೂರನೆಯದು ಯಾರೋ ನಿಜವಾಗಿಯೂ ಒಣಗಲು ಹಾಕಿದ ಕೈ ಒರೆಸುವ ಚೌಕ. ಸಂಜೆ ಬಂದು ತೆಗೆದುಕೊಂಡು ಹೋದರು.

ಮಾತು ಆಡಿದೆ. ಕೈ ಎತ್ತಿ ಆಡಿದೆ, ಮೊಣಕಾಲೂರಿ ಆಡಿದೆ. ಜನ ತಮ್ಮ ಪಾಡಿಗೆ ಊಟ ಮಾಡಿದರು. ಬಾಯ್ಲರ್ ನೋಡಿಕೊಳ್ಳುವವನೊಬ್ಬ ಇದ್ದಾನೆ, ಬೆವರನ್ನೂ ಬಾಟಲಿಗೆ ತುಂಬಿಡುವ ಆಸಾಮಿ. ಅವನು ಬೆರಳು ಚೀಪುತ್ತಾ, "ಮೈಕಣ್ಣ, ಭಾಷಣ ಚೆನ್ನಾಗಿದೆ. ಆದ್ರೆ ಕಥೆ ಎಲ್ಲಿ?" ಅಂದ.

ಕಪಾಳಕ್ಕೆ ಹೊಡೆದ ಹಾಗಾಯಿತು. ನಾಟಕದವನ ಮಗನಿಗೆ ಬಾಯ್ಲರಿನವನು ಹೇಳಿಕೊಡಬೇಕಾಯಿತಲ್ಲ.

ಕೊಳೆಬಟ್ಟೆ ವಿಂಗಡಿಸುವ ಕೋಣೆಯ ಬಾಗಿಲಲ್ಲಿ ಒಂದು ಕಪಾಟಿದೆ. ಮೂಟೆಗಳಲ್ಲಿ ಸಿಕ್ಕಿದ್ದನ್ನೆಲ್ಲ ಅಲ್ಲಿಡುತ್ತಾರೆ: ಕನ್ನಡಕ, ಹಲ್ಲಿನ ಸೆಟ್ಟು, ಒಂಟಿ ಕಾಲುಚೀಲ. ಒಂದು ತಿಂಗಳು ಕಾಯುವುದು, ಯಾರೂ ಬಾರದಿದ್ದರೆ ಎಸೆಯುವುದು. ಅದು ಇಲ್ಲಿನ ಕಟ್ಟಳೆ. ಇವತ್ತು ಅಲ್ಲಿಗೆ ಹೊಸದೊಂದು ಬಂದಿತ್ತು. ಬಟ್ಟೆಯ ಕುದುರೆ. ಅಂಗೈಯಷ್ಟುದ್ದ, ಬಿಳಿ, ಒಳಗೆ ಹತ್ತಿ. ಬಾಯಿಯ ಜಾಗದಲ್ಲಿ ನೀಲಿ ದಾರದ ಹೊಲಿಗೆ. ದೊಡ್ಡಾಸ್ಪತ್ರೆಯ ಮೂಟೆಯಲ್ಲಿ ಸಿಕ್ಕಿತಂತೆ.

ಕೈಗೆ ತೆಗೆದುಕೊಂಡ ಕೂಡಲೇ ಮೈ ಜುಮ್ಮೆಂದಿತು. ಅಪ್ಪನ ನಾಟಕದ ಯುವರಾಜನಿಗೆ ತಕ್ಕ ಕುದುರೆ! ಕೇಳದೇ ಜೇಬಿಗೆ ಇಳಿಸಿದೆ. ಕಪಾಟಿಗೆ ಅದು ಒಂದು ಗಂಟೆಯೂ ಅತಿಥಿಯಾಗಿರಲಿಲ್ಲ.

ಮಾರ್ಚ್ ೬, ಗುರುವಾರ

ಬೆಳಗಿನ ಪಾಳಿಗೆ ಹೀಗೆ ಹೇಳಿದೆ: ಒಬ್ಬ ಪುಟ್ಟ ಇದ್ದಾನೆ. ಈ ಕುದುರೆಯನ್ನು ತಬ್ಬಿಕೊಂಡೇ ಮಲಗುತ್ತಾನೆ. ಅವನ ತಾಯಿ ವಾರ್ಡಿನ ಹೊರಗೆ ಬರಿ ನೆಲದ ಮೇಲೆ ಮಲಗುತ್ತಾಳೆ. ಕೆಲವರು ತಟ್ಟೆಯಿಂದ ತಲೆ ಎತ್ತಿದರು. ಹಗ್ಗಕ್ಕೆ ಐದಾರು ಬಟ್ಟೆ ಬಂತು. ಸಾಲದು.

ಮಧ್ಯಾಹ್ನದ ಪಾಳಿಯವರು ಕಲ್ಲು. ಖಾಲಿ ಟ್ರಾಲಿ ಮಗುಚಿ ಹಾಕಿ ಅದರ ಮೇಲೆ ಹತ್ತಿದ್ದೆ. ಕುದುರೆಯನ್ನು ಎತ್ತಿ ಹಿಡಿದಿದ್ದೆ. ಯಾರ ಕಣ್ಣಲ್ಲೂ ಪಸೆ ಇಲ್ಲ. ಮೂರನೇ ಅಂಕ ಕುಸಿಯುವಾಗ ಅಪ್ಪ ಏನು ಮಾಡುತ್ತಿದ್ದರು? ಯಾರನ್ನಾದರೂ ಸಾಯಿಸುತ್ತಿದ್ದರು.

ದನಿ ತಗ್ಗಿಸಿದೆ. "ಹೋದ ವಾರ," ಅಂದೆ. ನಿಲ್ಲಿಸಿದೆ. "ಆ ಪುಟ್ಟ ಹೋದ. ಹಾಸಿಗೆ ಬದಲಿಸಿದರು. ಮೂಟೆ ಕಟ್ಟಿದರು. ಮೂಟೆಯೊಳಗೆ, ಅವನ ಕುದುರೆ. ಒಡೆಯನಿಲ್ಲದೆ, ನಮ್ಮ ಹತ್ತಿರ ಬಂತು."

ಒಗೆಯುವ ಯಂತ್ರಗಳ ಹುಡುಗರು ಮುಖ ತಿರುಗಿಸಿಕೊಂಡರು. ಬಾಯ್ಲರಿನವನು ಎದ್ದು ಬಂದ.  ಒಂದು ಬಟ್ಟೆ ಸಿಕ್ಕಿಸಿದ, ಯೋಚನೆ ಮಾಡಿ ಇನ್ನೊಂದು ಸಿಕ್ಕಿಸಿದ. "ಎರಡನೇದು ನನ್ನ ಹೆಂಡ್ತಿ ಹೆಸರಲ್ಲಿ. ಅವಳಿಗೆ ಹೇಳ್ಬೇಡ," ಅಂದ.

ಭೂಮಿ ಬಾಯಿ ಬಿಟ್ಟಿದ್ದರೂ ನನಗೆ ಅಷ್ಟು ಗಾಬರಿ ಆಗುತ್ತಿರಲಿಲ್ಲ. ಬಾಯ್ಲರಿನವನು ಎರಡು ಬಟ್ಟೆ!

ಮನೆಗೆ ಬಂದು ಹೆಂಡತಿಯ ಮುಂದೆ ಪೂರ್ತಿ ಆಡಿ ತೋರಿಸಿದೆ. ಅವಳು ಸೊಪ್ಪು ಸೋಸುತ್ತಾ ಕೇಳಿದಳು. "ಹುಡುಗ ನಿಜವಾಗ್ಲೂ ಸತ್ತನಾ?" ಅಂದಳು.

"ಯಾವ ಹುಡುಗ? ಹುಡುಗನೇ ಇಲ್ಲ ಮಾರಾಯ್ತಿ. ಕುದುರೆ ಮಾತ್ರ ಇರೋದು."

"ಕುದುರೆ ತಾನಾಗೇ ಹಾಸಿಗೆ ಹತ್ತಿತಾ?"

ಹೆಂಗಸರ ತರ್ಕ. ಪರದೆ ಬೀಳಲಿ.

ಮಾರ್ಚ್ ೧೦, ಸೋಮವಾರ

ಬರೆಯಲು ಕೂತು ಬಹಳ ಹೊತ್ತಾಯಿತು.

ಇವತ್ತು ಮಡಿಸುವ ಹಾಲಿನ ಸರದಿ ಇತ್ತು. ಅಲ್ಲಿ ಇಸ್ತ್ರಿ ಯಂತ್ರದ ಗದ್ದಲಕ್ಕೆ ಮಾತು ಕೇಳಿಸುವುದಿಲ್ಲ. ಇಬ್ಬಿಬ್ಬರು ಎದುರೆದುರು ನಿಂತು ಹಾಸಿಗೆ ಹೊದಿಕೆಯ ತುದಿ ಹಿಡಿದು ಮಡಿಸುತ್ತಾರೆ, ಮಡಿಸುತ್ತಾ ಬರಿ ತುಟಿ ಆಡಿಸಿ ಮಾತಾಡುತ್ತಾರೆ. ಮನೆಯ ಜಗಳ, ಮದುವೆಯ ಸುದ್ದಿ ಎಲ್ಲ ಸದ್ದಿಲ್ಲದೆ ಸಾಗುತ್ತದೆ. ಹಾಲಿನ ಮೂಲೆಯಲ್ಲಿ, ಕಿಟಕಿಯ ಪಕ್ಕ, ಹರಿದದ್ದನ್ನು ಹೊಲಿಯುವ ಮುದುಕಿ ಕೂರುತ್ತಾರೆ. ಎಲ್ಲರೂ ಸೂಜಿಯಮ್ಮ ಅನ್ನುತ್ತಾರೆ. ಊಟವನ್ನೂ ಹೊಲಿಗೆ ಮಿಷನ್ನಿನ ಮುಂದೆಯೇ ಮಾಡುವವರು, ಹಾಗಾಗಿ ನನ್ನ ಪ್ರದರ್ಶನ ಅವರು ನೋಡಿರಲಿಲ್ಲ.

ಯಂತ್ರ ನಿಲ್ಲಿಸಲು ಹೇಳಿದೆ. ಟ್ರಾಲಿ ಹತ್ತಿದೆ. ಕುದುರೆ ಎತ್ತಿದೆ. ಮೊದಲ ದಿನಕ್ಕಿಂತ ಹತ್ತು ಪಟ್ಟು ಚೆನ್ನಾಗಿ ಆಡಿದೆ. "ಹೋದ ವಾರ" ಅಂತಿದ್ದದ್ದನ್ನು "ನಿನ್ನೆ ರಾತ್ರಿ" ಮಾಡಿದೆ, ಬಿಸಿ ಇರಲಿ ಅಂತ. ಮಡಿಸುವ ಹೆಂಗಸರು ಹೊದಿಕೆಯ ತುದಿಯಲ್ಲೇ ಕಣ್ಣೊರೆಸಿಕೊಂಡರು. ಒಗೆದದ್ದನ್ನೇ ಮತ್ತೆ ಒಗೆಯಬೇಕಾಯಿತು. ಮೇಲ್ವಿಚಾರಕಿ ಗೊಣಗಲೂ ಇಲ್ಲ.

ಕಟ್ಟೆಗೆ ವಾಪಸು ಬಂದು ನೀರು ಕುಡಿಯುತ್ತಿದ್ದೆ. ಹಿಂದೆ ಯಾರೋ ನಿಂತ ಹಾಗಾಯಿತು. ಸೂಜಿಯಮ್ಮ. ಸೂಜಿ ಚುಚ್ಚದಿರಲು ಬೆರಳಿಗೆ ಹಾಕುವ ಅಂಗುಸ್ತಾನ ಹಾಗೇ ಇತ್ತು.

"ಎಷ್ಟೊತ್ತಿಗೆ?" ಅಂದರು.

"ಏನಮ್ಮ?"

"ಎಷ್ಟೊತ್ತಿಗೆ ಹೋಯ್ತು ಮಗು? ನಿನ್ನೆ ಸಂಜೆ ನಾನು ಬರೋವಾಗ ಚೆನ್ನಾಗಿತ್ತು. ಗಂಜಿ ಕುಡೀತು. ವ್ಯಾನಿನವರು ನಿಮಗೆ ಹೇಳಿದ್ರಾ? ನನ್ನ ಮಗಳಿಗೆ ಗೊತ್ತಾ?"

ನನಗೆ ಅರ್ಥವಾಗಲಿಲ್ಲ. ಅವರು ನನ್ನ ಜೇಬು ನೋಡಿದರು. ಕುದುರೆಯ ತಲೆ ಹೊರಗಿತ್ತು.

"ಅದು ನಾನು ಹೊಲಿದಿದ್ದು," ಅಂದರು. "ಇಲ್ಲಿ ಬಿಸಾಡೋ ಹಾಸಿಗೆ ಬಟ್ಟೆಯಲ್ಲಿ. ನಮ್ಮ ನೀಲಿ ದಾರದಲ್ಲಿ. ನನ್ನ ಮೊಮ್ಮಗನಿಗೆ."

ಆ ನೀಲಿ ದಾರ. ಲಾಂಡ್ರಿಯಲ್ಲಿ ಹರಿದದ್ದನ್ನೆಲ್ಲ ಹೊಲಿಯುವುದು ಅದರಲ್ಲೇ. ದಿನವೂ ಸಾವಿರ ಹೊದಿಕೆಯ ಅಂಚಿನಲ್ಲಿ ನನ್ನ ಕಣ್ಣೆದುರೇ ಹೋಗುತ್ತದೆ. ನಾನು ಮೂಟೆ ಕೂಗುವವನು. ಯಾವತ್ತೂ ನೋಡಿರಲಿಲ್ಲ.

 "ಇಲ್ಲಮ್ಮ, ಇಲ್ಲ, ಅದು ಕಥೆ," ಅಂದೆ. "ನಾನು ಕಟ್ಟಿದ್ದು. ಯಾರೂ ಏನೂ ಹೇಳಿಲ್ಲ. ಯಾರೂ ಹೋಗಿಲ್ಲ."

"ಕಥೆನಾ?"

"ಕಥೆ."

"ಆಣೆ ಮಾಡಿ ಹೇಳಿ."

ಮಾಡಿದೆ. ಅವರು ಮೂಟೆಯ ಮೇಲೆ ಕೂತರು.  ಮೂಟೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತಾ ಹೋಯಿತು, ಅದರ ಜೊತೆ ಅವರೂ. ಆಮೇಲೆ ಎದ್ದು ಸೆರಗಿನಿಂದ ಮೂಟೆಯ ಧೂಳು ಹೊಡೆದು ಒಳಗೆ ಹೋದರು. ಹೋಗುವಾಗ ಒಂದೇ ಮಾತು: "ಅದು ಕುದುರೆ ಅಲ್ಲ. ಕತ್ತೆ."



ಮಾರ್ಚ್ ೧೧, ಮಂಗಳವಾರ

ಪ್ರದರ್ಶನ ಇಲ್ಲ. ಮೈ ಸರಿ ಇಲ್ಲ ಅಂದೆ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಕೆಳಗಿಟ್ಟು ಎದ್ದು ಒಳಗೆ ಹೋದಳು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೧೨, ಬುಧವಾರ

ಬೆಳಿಗ್ಗೆ ಮೊದಲು ಹೊಲಿಗೆ ಮೂಲೆಗೆ ಹೋದೆ. ಕುದುರೆಯನ್ನು ಕಾಗದದಲ್ಲಿ ಸುತ್ತಿ ಒಯ್ದಿದ್ದೆ.

"ತಗೊಳ್ಳಿ ಅಮ್ಮ. ತಪ್ಪಾಯ್ತು."

ಅವರು ಹೊಲಿಗೆ ನಿಲ್ಲಿಸಲಿಲ್ಲ. "ಇಟ್ಕೊಳ್ಳಿ," ಅಂದರು.

"ಮಗು ಕೇಳ್ತಾ ಇಲ್ವಾ?"

"ದಿನಾ ಕೇಳುತ್ತೆ. ದಿನಾ ಆ ಕಪಾಟು ನೋಡ್ತಿದ್ದೆ ನಾನು. ಇನ್ನೊಂದು ಹೊಲಿದುಕೊಟ್ಟೆ. 'ಇದು ಅದರ ತಮ್ಮ, ಅಣ್ಣ ಎಲ್ಲಿ?' ಅಂದ."

"ಹಾಗಾದ್ರೆ ತಗೊಳ್ಳಿ."

ಅವರು ಮಿಷನ್ ನಿಲ್ಲಿಸಿದರು. "ಹಗ್ಗ ಅರ್ಧ ತುಂಬಿದೆಯಂತೆ. ಈಗ ನೀವು ಕತ್ತೆ ವಾಪಸು ಕೊಟ್ರೆ ಯಾಕೆ ಅಂತ ಕೇಳ್ತಾರೆ. ಮಗು ಬದುಕಿದೆ ಅಂತ ಹೇಳ್ಬೇಕಾಗುತ್ತೆ. ಹೇಳಿದ್ರೆ ಬಟ್ಟೆಗಳು ಕೆಳಗಿಳಿಯುತ್ತವೆ. ನನ್ನ ಮಗಳು ವಾರ್ಡಿನ ಹೊರಗೆ ಓಡಾಡೋ ದಾರೀಲಿ ಮಲಗ್ತಾಳೆ. ನೆಲ ಒರೆಸೋರು ಬಂದಾಗೆಲ್ಲ ಎದ್ದು ನಿಲ್ಲಬೇಕು. ನೀವು ಹೇಳಿದ ಆ ತಾಯಿ ಸುಳ್ಳಲ್ಲ. ಮಗು ಸತ್ತದ್ದು ಮಾತ್ರ ಸುಳ್ಳು. ಹಗ್ಗ ತುಂಬಲಿ. ಆಮೇಲೆ ಕೊಡಿ."

"ಅಂದ್ರೆ ನಾನು ಮತ್ತೆ..."

"ಹೂಂ. ಚೆನ್ನಾಗೇ ಹೇಳ್ತೀರಿ. ನಾನೇ ನಂಬಿದ್ನಲ್ಲ."

ಇದನ್ನು ಅವರು ಚುಚ್ಚಲು ಹೇಳಲಿಲ್ಲ. ಅದಕ್ಕೇ ಚುಚ್ಚಿತು.

ಇಲ್ಲಿ ಯಾರಿಗೂ ಯಾಕೆ ಮಗುವಿನ ವಿಷಯ ಹೇಳಿಲ್ಲ ಅಂತ ಕೇಳಿದೆ. "ಹೇಳಿದ್ರೆ ಎಲ್ಲರೂ ಅಯ್ಯೋ ಅಂತಾರೆ. ಅಯ್ಯೋ ಅನ್ನಿಸಿಕೊಂಡು ಕೂತರೆ ಹೊಲಿಗೆ ಓಡಲ್ಲ," ಅಂದರು.

ಮಾರ್ಚ್ ೧೭, ಸೋಮವಾರ

ಹೊಸದಾಗಿ ಪಾಳಿ ಬದಲಾದವರಿಗೆ ಮಡಿಸುವ ಹಾಲಿನಲ್ಲಿ ಮತ್ತೊಮ್ಮೆ ಆಡಬೇಕು ಅಂತ ಮ್ಯಾನೇಜರ ಅಪ್ಪಣೆ. ಟ್ರಾಲಿ ಹತ್ತಿದೆ. ಯಂತ್ರ ನಿಂತಿತು.

ಪುಟ್ಟ ಇದ್ದ, ಕುದುರೆ ಇತ್ತು, ತಾಯಿ ನೆಲದ ಮೇಲೆ ಮಲಗುತ್ತಿದ್ದಳು. ಅಲ್ಲಿವರೆಗೆ ಬಂದೆ. ಮುಂದಿನ ಮಾತು ಬರಲಿಲ್ಲ. ಬಾಯಿ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಹಾಲಿನ ತುಂಬ ಮುಖಗಳು. ಪರದೆಯ ಸಂದಿ ಹುಡುಕಿದೆ, ಮೂವತ್ತು ವರ್ಷದ ಹಿಂದಿನ ಅಭ್ಯಾಸ. ಕಿಟಕಿಯ ಪಕ್ಕದಿಂದ ಸೂಜಿಯಮ್ಮ ನನ್ನನ್ನೇ ನೋಡುತ್ತಿದ್ದರು. ಅವರ ತುಟಿ ಅಲುಗಿತು. ಸದ್ದಿಲ್ಲ, ಆ ಹಾಲಿನವರು ಮಾತಾಡುವ ಹಾಗೆ. ತುಟಿ ಓದಲು ನನಗೆ ಬರುವುದಿಲ್ಲ ಅಂದುಕೊಂಡಿದ್ದೆ. ಓದಿದೆ.

"ಹೋದ," ಅಂದರು. ಮತ್ತೆ ಇನ್ನೊಮ್ಮೆ, ಬಿಡಿಸಿ. "ಪುಟ್ಟ, ಹೋದ."

ಅಜ್ಜಿ ಎತ್ತಿಕೊಟ್ಟ ಮಾತನ್ನು ನಾನು ಆಡಿದೆ.

ಜನ ಹಿಂದೆಂದೂ ಅಷ್ಟು ಅತ್ತಿರಲಿಲ್ಲ. ನಾನು ಅಷ್ಟು ಮೆಲ್ಲಗೆ ಆಡಿದ್ದಕ್ಕೇ ಹಾಗಾಯಿತು ಅಂತ ಮ್ಯಾನೇಜರು ಬೆನ್ನು ತಟ್ಟಿದರು. ಕೋಣೆಗೆ ಕರೆದರು, ಕೂರಿಸಿದರು, ಟೀ ತರಿಸಿದರು. ಮುಖ್ಯ ಕಚೇರಿಯವರಿಗೆ ಸುದ್ದಿ ಹೋಗಿದೆಯಂತೆ. ಇಪ್ಪತ್ತೇಳನೇ ತಾರೀಖು ಬೆಳಿಗ್ಗೆ ದೊಡ್ಡ ಸಾಹೇಬರು ತಾವೇ ಬರುತ್ತಾರಂತೆ. ಕಾರ್ಯಕ್ರಮ. ಆಮೇಲೆ ನನ್ನನ್ನೂ ಕುದುರೆಯನ್ನೂ ಎಲ್ಲ ಶಾಖೆಗೂ ಕಳಿಸುತ್ತಾರಂತೆ. ಒಂದು ಊರಿಂದ ಇನ್ನೊಂದು ಊರಿಗೆ. ಕ್ಯಾಂಪು.

ಕ್ಯಾಂಪು. ಈ ಶಬ್ದ ಕೇಳದೆ ಎಷ್ಟು ಕಾಲವಾಯಿತು. ಪೆಟ್ಟಿಗೆ ಕಟ್ಟುವುದು, ಹೊಸ ಊರು, ಹೊಸ ಸಭೆ. ಅಪ್ಪ ಸಾಯುವಾಗಲೂ ಮುಂದಿನ ಕ್ಯಾಂಪು ಯಾವುದು ಅಂತ ಕೇಳಿದ್ದರು.

ಹೆಂಡತಿಗೆ ಹೇಳಿದೆ. "ಎಲ್ಲ ಊರಲ್ಲೂ ಸಾಯಿಸ್ತೀರಾ?" ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಗಟ್ಟಿಯಾಗಿ ಮಾತಾಡ್ರೀ, ಈಚೆಗೆ ನೀವು ಹೇಳೋದು ಕೇಳಿಸಲ್ಲ," ಅಂದಳು. ಹಬೆಗೆ ಗಂಟಲು ಕಟ್ಟಿರಬೇಕು.

ಮಾರ್ಚ್ ೨೦, ಗುರುವಾರ

ಕೆಲಸ ಮುಗಿದ ಮೇಲೆ ದೊಡ್ಡಾಸ್ಪತ್ರೆಯ ವ್ಯಾನು ಹತ್ತಿ ಹೋದೆ. ಸೂಜಿಯಮ್ಮ ಮುಂದೆ ಕೂತಿದ್ದರು, ನಾನು ಮೂಟೆಗಳ ಜೊತೆ. ಯಾಕೆ ಹೋದೆ ಅಂತ ಗೊತ್ತಿಲ್ಲ. ಕರೆದವರು ಯಾರೂ ಇಲ್ಲ.

ಓಡಾಡುವ ದಾರಿಯ ಗೋಡೆಗೆ ಒರಗಿ ಸಾಲಾಗಿ ಹೆಂಗಸರು. ಒಬ್ಬರ ತಲೆದಿಂಬು ಚಪ್ಪಲಿಯ ಚೀಲ. ಅದರಲ್ಲಿ ಒಬ್ಬಳು ಎದ್ದು "ಅಮ್ಮ" ಅಂದಳು. ಅವಳೇ ಮಗಳು. ಕೆನ್ನೆಯ ಮೇಲೆ ನೆಲದ ಚೌಕದ ಗೆರೆ ಮೂಡಿತ್ತು. ನಾನು ಇದೇ ಹೆಂಗಸಿನ ಬಗ್ಗೆ ಟ್ರಾಲಿಯ ಮೇಲೆ ನಿಂತು ಅಷ್ಟು ಹೇಳಿದ್ದೆ, ಈ ಗೆರೆ ನನಗೆ ಹೊಳೆದಿರಲಿಲ್ಲ.

ಹುಡುಗ ಹಾಸಿಗೆಯಲ್ಲಿ ಕೂತಿದ್ದ. ಬೋಳು ತಲೆ, ದೊಡ್ಡ ಕಣ್ಣು. ಪಕ್ಕದಲ್ಲಿ ತಮ್ಮ ಕತ್ತೆ.

"ನೀವ್ಯಾರು?" ಅಂದ.

ಏನು ಹೇಳಲಿ? "ಅಜ್ಜಿ ಜೊತೆ ಕೆಲಸ ಮಾಡ್ತೀನಿ."

"ನಮ್ಮ ದೊಡ್ಡ ಕತ್ತೆ ಒಗೆಯೋಕೆ ಹೋಗಿದೆ. ಬಂದಿದೆಯಾ ಅಲ್ಲಿ?"

ಸೂಜಿಯಮ್ಮ ಕಿಟಕಿಯ ಕಡೆ ನೋಡಿದರು. "ಬಂದಿದೆ," ಅಂದೆ. "ಒಣಗ್ತಾ ಇದೆ."

"ಇಷ್ಟು ದಿನ ಒಣಗುತ್ತಾ?"

"ಸ್ವಲ್ಪ ದಪ್ಪ ಕತ್ತೆ ಅಲ್ವಾ."

ಅವನು ನಕ್ಕ. ಹತ್ತಿರ ಬಗ್ಗಿ ಅಂದ. "ಅದಕ್ಕೆ ಎಲ್ಲ ಹೇಳ್ತೀನಿ ನಾನು," ಅಂದ ಕಿವಿಯಲ್ಲಿ. "ಸೂಜಿ ಹಾಕುವಾಗ ಅಳೋದು, ಹೆದರಿಕೆ ಆಗೋದು ಎಲ್ಲ. ಅಜ್ಜಿ ಬಾಯಿ ಹೊಲಿದುಬಿಟ್ಟಿದಾಳೆ ನೋಡಿ, ಯಾರಿಗೂ ಹೇಳಲ್ಲ ಅದು."

ನಾನು ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದೆ.

ಮಾರ್ಚ್ ೨೫, ಮಂಗಳವಾರ

ಹಗ್ಗ ತುಂಬಿತು. ಕೊನೆಯ ಬಟ್ಟೆ ಸೂಜಿಯಮ್ಮನದು. ಸ್ಟೂಲು ಹಾಕಿಕೊಂಡು ಹತ್ತಿ ತಾವೇ ಸಿಕ್ಕಿಸಿದರು. ಹಾಲು ಚಪ್ಪಾಳೆ ತಟ್ಟಿತು. ಬಾಯ್ಲರಿನವನು ನನ್ನನ್ನು ಎತ್ತಲು ಹೋಗಿ, ಆಗದೆ, ಕೆಳಗಿಟ್ಟ. ಬೇರೆ ಯಾವ ಶಾಖೆಯಲ್ಲೂ ಹೀಗಾಗಿಲ್ಲವಂತೆ.

ಮ್ಯಾನೇಜರು ಕೈ ಚಾಚಿದರು, ಕುದುರೆ ಕೊಟ್ಟೆ. ಆ ಕ್ಷಣ ಏನೂ ತೋಚಲಿಲ್ಲ. ಸಂಜೆಗೆ ನೋಡಿದರೆ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಿದ್ದಾರೆ. ದೊಡ್ಡ ಸಾಹೇಬರಿಗೆ ಕೊಡುವುದು. ಮುಖ್ಯ ಕಚೇರಿಯ ಬಾಗಿಲಲ್ಲಿ ಇಡುತ್ತಾರೆ, ನನ್ನ ಕ್ಯಾಂಪಿದ್ದಾಗ ಮಾತ್ರ ಹೊರಗೆ ತೆಗೆಯುತ್ತಾರೆ. ಪೆಟ್ಟಿಗೆಯ ಕೆಳಗೆ ಬಂಗಾರದ ಬಣ್ಣದ ಅಕ್ಷರ: ನಮ್ಮನ್ನು ಅಗಲಿದ ಪುಟ್ಟನ ನೆನಪಿಗೆ.

ಮಾರ್ಚ್ ೨೬, ಬುಧವಾರ

ಮಧ್ಯಾಹ್ನ ಸೂಜಿಯಮ್ಮ ಕಟ್ಟೆಗೆ ಬಂದರು.

"ಹಗ್ಗ ತುಂಬಿತಲ್ಲ. ಈಗ ಕೊಡಿ."

ಗಾಜಿನ ಪೆಟ್ಟಿಗೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅಕ್ಷರದ ವಿಷಯವನ್ನೂ ಹೇಳಿದೆ. ಅವರು ಕಟ್ಟೆಯ ಕಂಬ ಹಿಡಿದುಕೊಂಡರು.

"ನಾಳೆ ಬೆಳಿಗ್ಗೆ ಆಪರೇಷನ್," ಅಂದರು. "ಒಂಬತ್ತಕ್ಕೆ ಒಳಗೆ ಕರ್ಕೊಂಡು ಹೋಗ್ತಾರೆ. ಹೇಳಿರಲಿಲ್ಲ ನಾನು. ಕತ್ತೆ ಬಂದ್ರೆ ಹೋಗ್ತೀನಿ ಅಂತಿದಾನೆ."

"ಕಾರ್ಯಕ್ರಮ ಹತ್ತಕ್ಕೆ," ಅಂದೆ. ಅದನ್ನು ಯಾಕೆ ಹೇಳಿದೆನೋ.

ಅವರು ಸೆರಗಿನ ಒಳಗಿಂದ ಒಂದು ಗಂಟು ತೆಗೆದರು. ಬಿಚ್ಚಿದರೆ ಇನ್ನೊಂದು. ಹೊಸದು. ಅಷ್ಟೇ ಉದ್ದ, ಅದೇ ನೀಲಿ ಬಾಯಿ, ಬಳಸಿದ್ದು ಅನ್ನಿಸಲಿ ಅಂತ ಟೀ ನೀರಲ್ಲಿ ಅದ್ದಿ ಒಣಗಿಸಿದ್ದಾರೆ. "ಬದಲಾಯಿಸಿಬಿಡಿ," ಅಂದರು. "ಇದನ್ನ ಪೆಟ್ಟಿಗೆಗೆ ಹಾಕಿ. ಅದನ್ನ ನನಗೆ ಕೊಡಿ. ಸಾಹೇಬರಿಗೆ ಏನು ಗೊತ್ತಾಗುತ್ತೆ? ಹಗ್ಗಾನೂ ಉಳಿಯುತ್ತೆ, ನಿಮ್ಮ ಕ್ಯಾಂಪೂ ಉಳಿಯುತ್ತೆ."

ಎಷ್ಟು ಸುಲಭ. ನಾಟಕದಲ್ಲಿ ಎಷ್ಟು ಸಲ ಮಾಡಿಲ್ಲ: ನಿಜವಾದ ಉಂಗುರ ಇಲ್ಲಿ, ನಕಲಿ ಉಂಗುರ ಅಲ್ಲಿ. ಹೊಸದನ್ನು ಕೈಗೆ ತೆಗೆದುಕೊಂಡೆ. ಸರಿ ಅಂತಲೂ ಅಂದೆ. ಅವರು ಎರಡು ಹೆಜ್ಜೆ ಹೋಗಿದ್ದರು.

ಆಗ ಲೆಕ್ಕ ಹೊಳೆಯಿತು. ಒಂಬತ್ತಕ್ಕೆ ಹುಡುಗ ಒಳಗೆ ಹೋಗುತ್ತಾನೆ. ಹತ್ತಕ್ಕೆ ನಾನು ಟ್ರಾಲಿ ಹತ್ತಬೇಕು. ಅವನು ಅಲ್ಲಿ ದೀಪದ ಕೆಳಗೆ ಕಣ್ಣು ಮುಚ್ಚಿ ಮಲಗಿರುವ ಹೊತ್ತಿನಲ್ಲೇ, ಇಲ್ಲಿ ನಾನು ದನಿ ತಗ್ಗಿಸಿ, ನಿಲ್ಲಿಸಿ, ಅವನು ಹೋದ ಅನ್ನಬೇಕು. ಸೂಜಿಯಮ್ಮ ಇಲ್ಲಿದ್ದರೆ ಅದನ್ನು ಕೂತು ಕೇಳಬೇಕು.



"ಅಮ್ಮ," ಅಂದೆ. "ನಾಳೆ ಆ ಮಾತು ನನ್ನ ಬಾಯಲ್ಲಿ ಬರಲ್ಲ. ನೀವು ಎತ್ತಿಕೊಟ್ರೂ ಬರಲ್ಲ."

ಅವರು ತಿರುಗಿ ನಿಂತರು.  ಒಂದು ವ್ಯಾನು ಬಂತು, ಹಾರನ್ ಹಾಕಿತು, ನಾನು ಕೂಗಲಿಲ್ಲ.

"ಬಟ್ಟೆಗಳು ಇಳಿಯುತ್ತವೆ," ಅಂದರು.

"ಇಳಿಯಬಹುದು."

"ತಂಗುಮನೆ ಹಾಸಿಗೆ?"

 "ಗೊತ್ತಿಲ್ಲ ಅಮ್ಮ," ಅಂದೆ.

ಅವರು ಅಂಗುಸ್ತಾನವನ್ನು ಬೆರಳಿನಲ್ಲಿ ಒಂದು ಸುತ್ತು ತಿರುಗಿಸಿದರು. "ಯಾರು ಇಳಿಸಿದ್ರೂ ನಂದು ಇಳಿಸಬೇಡಿ," ಅಂದರು. "ಅದು ಅಲ್ಲೇ ಇರಲಿ." ಒಳಗೆ ಹೋದರು.

ಮನೆಯಲ್ಲಿ ಹೆಂಡತಿಗೆ, ನಾಳೆ ಸಭೆಯಲ್ಲಿ ಹೇಳಬೇಕಾದ್ದನ್ನು ಬರೆದುಕೊಡು ಅಂದೆ. "ಇದಕ್ಕೆ ಪ್ರಾಂಪ್ಟರ್ ಯಾಕ್ರೀ? ಆದದ್ದನ್ನ ಹೇಳಿ," ಅಂದಳು. ಆಮೇಲೆ ಡಬ್ಬಿ ಹುಡುಕಿ ಸಣ್ಣ ಸ್ಕ್ರೂಡ್ರೈವರ್ ತಂದು ನನ್ನ ಅಂಗಿಯ ಜೇಬಿಗೆ ಹಾಕಿ, ಗುಂಡಿಯನ್ನೂ ಹಾಕಿದಳು.

ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗುತ್ತೇನೆ. ನಾಲ್ಕು ಸ್ಕ್ರೂ ಬಿಚ್ಚಿ ಕತ್ತೆಯನ್ನು ಹೊರಗೆ ತೆಗೆಯುತ್ತೇನೆ. ದೊಡ್ಡಾಸ್ಪತ್ರೆಗೆ ಹೊರಡುವ ಮೊದಲ ವ್ಯಾನಿನಲ್ಲಿ ಸೂಜಿಯಮ್ಮನ ಜೊತೆ ಹೋಗಿ ಅದನ್ನು ಹುಡುಗನ ಕೈಗೆ ಕೊಡುತ್ತೇನೆ, ಒಣಗಿತು ಅನ್ನುತ್ತೇನೆ. ಸೂಜಿಯಮ್ಮನನ್ನು ಅಲ್ಲೇ ಬಿಟ್ಟು, ಹತ್ತು ಗಂಟೆಗೆ ಖಾಲಿ ಪೆಟ್ಟಿಗೆ ಹಿಡಿದು ಟ್ರಾಲಿಯ ಪಕ್ಕ ನಿಲ್ಲುತ್ತೇನೆ, ಹತ್ತುವುದಿಲ್ಲ. ಹುಡುಗ ಸತ್ತಿಲ್ಲ, ಹೊರಗೆ ಅವನ ತಾಯಿ ನೆಲದ ಮೇಲೆ ಕೂತಿದ್ದಾಳೆ, ಅವನನ್ನು ಸಾಯಿಸಿದವನು ನಾನು ಅಂತ ಹೇಳುತ್ತೇನೆ. ಯಾರಿಗೆ ತಮ್ಮ ಬಟ್ಟೆ ವಾಪಸು ಬೇಕೋ ತೆಗೆದುಕೊಳ್ಳಲಿ. ಆಮೇಲೆ ಬಾಯಿ ಮುಚ್ಚಿ, ಇಳಿಸಿದ ಬಟ್ಟೆ ಹಾಕಲು ಬುಟ್ಟಿ ಹಿಡಿದು, ಹಗ್ಗದ ಕೆಳಗೆ ನಿಂತಿರುತ್ತೇನೆ.